ಮುಯ್ಯಿಯೂ ಪ್ರೀತಿಯೂ

ನಾಟಿಯ ಕಾಲದಲ್ಲಿ ನಡೆಯುವ ಮುಯ್ಯಾಳಿನ ಪದ್ಧತಿಯು ನಮ್ಮ ಹಳ್ಳಿಗಳವರಿಗೆ ತಿಳಿದದ್ದೇ. ಇಂದು ನಾವು ನೆರೆಯವನ ಗದ್ದೆಗೆ ಹೋದರೆ ನಾಳೆ ಅವನು ನಮ್ಮ ಗದ್ದೆಗೆ ಬರುವನು. ಹೀಗೆ ಪ್ರತಿಫಲವನ್ನು ನೋಡಿ ಮಾಡುವ ಸಹಾಯವು ಪ್ರೀತಿಯೋ, ಬರೀ ವ್ಯಾಪಾರವೋ? ಈ ಪ್ರಶ್ನೆಯಲ್ಲಿ ಒಂದು ಚಿಕ್ಕ ಮೀನು ನಮಗೆ ಬುದ್ಧಿ ಹೇಳುತ್ತದೆ.

ಸೊಲೊಮೋನನು ಕೆಂಪು ಸಮುದ್ರದ ತೀರದಲ್ಲಿ ಹಡಗುಗಳನ್ನು ಕಟ್ಟಿಸಿದನೆಂದು ಅರಸುಗಳ ಪುಸ್ತಕದಲ್ಲಿ ಓದುತ್ತೇವಷ್ಟೆ. ಆ ಸಮುದ್ರದೊಳಗೆ ಹವಳದ ದಿಬ್ಬಗಳುಂಟು. ಅವುಗಳ ಬದಿಯ ಮರಳಿನ ಇಳಿಜಾರಿನಲ್ಲಿ ಗೋಬಿ ಎಂಬ ಕುಲದ ಒಂದು ಮೀನು ವಾಸಿಸುತ್ತದೆ. ಅದು ಗೇಣಿಗಿಂತ ಚಿಕ್ಕದು. 1974ರಲ್ಲಿ ಕ್ಲೌಸೆವಿಟ್ಸ್ ಎಂಬ ಜರ್ಮನ್ ಪಂಡಿತರು ಅದನ್ನು ವರ್ಣಿಸಿ, ಸಮುದ್ರಜೀವಿಗಳನ್ನು ಶೋಧಿಸಿದ ಸ್ಟೈನಿಟ್ಸ್ ಎಂಬವರ ಹೆಸರನ್ನು ಅದಕ್ಕೆ ಇಟ್ಟರು. ಈ ಮೀನಿನ ಕಣ್ಣು ಚುರುಕು. ಆದರೆ ಅಡಗಲು ತಕ್ಕ ಬಿಲವನ್ನು ಅದು ತಾನೇ ತೋಡಿಕೊಳ್ಳದು. ಅದರ ಜೊತೆಯಲ್ಲಿರುವ ಸೀಗಡಿಗೆ ತೋಡುವದಕ್ಕೆ ಬಲವಾದ ಮುಂಗಾಲುಗಳುಂಟು. ಆದರೆ ಅದರ ಕಣ್ಣು ಮಂದ. ಆದದರಿಂದ ಎರಡೂ ಒಂದೇ ಬಿಲದಲ್ಲಿ ಬಾಳುತ್ತವೆ. ಕುಸಿಯುವ ಮರಳನ್ನು ಸೀಗಡಿಯು ಹಗಲೆಲ್ಲಾ ಹೊರಕ್ಕೆ ನೂಕುವಾಗ ಮೀನು ಬಾಗಲಲ್ಲಿ ಕಾವಲಿರುತ್ತದೆ. ಸೀಗಡಿಯು ಹೊರಗೆ ಬಂದಾಗ ತನ್ನ ಉದ್ದವಾದ ಮೀಸೆಯನ್ನು ಮೀನಿನ ಮೈಗೆ ತಗಲಿಸಿಕೊಂಡೇ ಇರುತ್ತದೆ. ಶತ್ರುವು ಕಾಣಿಸಿದರೆ ಮೀನು ಬಾಲವನ್ನು ಅಲುಗಿಸುವದು. ಸೀಗಡಿಯು ಕೂಡಲೆ ಒಳಗೆ ಸರಿಯುವದು. ಅಪಾಯವು ಸಮೀಪಿಸಿದರೆ ಮೀನೂ ಒಳಗೆ ನುಗ್ಗುವದು. ರಾತ್ರಿಯಲ್ಲಿ ಎರಡಕ್ಕೂ ಒಂದೇ ಮನೆ.

ಇದರಿಂದ ಮೊದಲು ಕಲಿಯತಕ್ಕದ್ದೇನಂದರೆ, ಮುಯ್ಯಿಯು ಹೀನವಾದದ್ದಲ್ಲ. ಸೃಷ್ಟಿಕರ್ತನು ಎಲ್ಲಾ ವರಗಳನ್ನು ಒಬ್ಬನಿಗೇ ಕೊಡಲಿಲ್ಲ. ಆದದರಿಂದ ಇನ್ನೊಬ್ಬನು ಬೇಕೆಂಬದು ನಾಚಿಕೆಯ ಮಾತಲ್ಲ. ಮೀಸೆಯು ತಗಲಿರದಿದ್ದರೆ ಬಾಲದ ಎಚ್ಚರಿಕೆಯು ಸೀಗಡಿಗೆ ಮುಟ್ಟುವದು ಹೇಗೆ? ಕಷ್ಟ ಬಂದಾಗ ಅಭಿಮಾನದಿಂದ ಸಭೆಗೆ ಬಾರದೆ ಮನೆಯಲ್ಲಿ ಅಡಗುವವರು ಇದನ್ನು ಯೋಚಿಸಲಿ.

ಆದರೆ ಮೀನಿನ ಪಾಠವು ಇಲ್ಲಿಗೆ ಮುಗಿಯುತ್ತದೆ. ನಮ್ಮ ಪಾಠವು ಮುಗಿಯುವದಿಲ್ಲ. ಮೀನು ತನಗೆ ಬಿಲ ತೋಡಿದ ಸೀಗಡಿಗಾಗಿ ಕಾವಲಿರುತ್ತದೆ. ಅದನ್ನು ಪ್ರೀತಿಯೆಂದು ನಾವು ಹೇಳಲಾರೆವು, ಮೀನು ಅದನ್ನು ಅರಿಯದು. ನಮ್ಮ ಸಭೆಯಲ್ಲಿಯೋ, ಮುಯ್ಯಾಳು ಕಳುಹಿಸಲು ಗಂಡನೂ ಮಗನೂ ಇಲ್ಲದ ವಿಧವೆಯಿದ್ದಾಳೆ. ಎಲ್ಲರ ಗದ್ದೆಯಲ್ಲಿ ಪೈರು ಹಸುರಾಗಿರುವಾಗ ಅವಳ ಗದ್ದೆಯು ಬರೀ ನೀರು ನಿಂತು ಹೊಳೆಯುತ್ತದೆ. ಅವಳಲ್ಲಿಗೆ ಹೋಗುವವರು ಯಾರು? ತಿರುಗಿ ಕರೆಯಲಾರದ ಬಡವರನ್ನು ಔತಣಕ್ಕೆ ಕರೆಯಿರೆಂದು ನಮ್ಮ ಕರ್ತನು ಬೋಧಿಸಿದ್ದು ಇದಕ್ಕಾಗಿಯೇ. ಮುಯ್ಯಿಯು ನಮ್ಮನ್ನು ನೆರೆಯವನ ಗದ್ದೆಯ ವರೆಗೆ ನಡಿಸುವದು. ಅಲ್ಲಿಂದ ವಿಧವೆಯ ಗದ್ದೆಗೆ ಹೋಗುವ ಬದುವಿನ ಮೇಲೆ ಪ್ರೀತಿಯೇ ನಮ್ಮನ್ನು ನಡಿಸಬೇಕು.

ಈ ಸಾರಿ ಮಳೆ ಹಿಡಿದಾಗ ನಾವು ಮೊದಲ ದಿನವನ್ನು ಯಾರ ಗದ್ದೆಗೆ ಕೊಡುವೆವು? ಇದನ್ನು ಪ್ರತಿಯೊಬ್ಬನೂ ದೇವರ ಮುಂದೆ ತನ್ನನ್ನು ತಾನೇ ಕೇಳಿಕೊಳ್ಳಲಿ.