ಬಿಡಲಿಲ್ಲವೋ, ಬಿಡಲಾಗಲಿಲ್ಲವೋ

ಕೆ.ಆರ್. ಪೇಟೆ ಕಡೆಯ ಒಂದು ಹಳ್ಳಿ, ಸಂಜೆ ಆರರ ಹೊತ್ತು. ಗಾರೆ ಕೆಲಸ ಮುಗಿಸಿ ಬಂದ ಹಿರಿಯರೊಬ್ಬರು ಕೈಕಾಲು ತೊಳೆದು ಜಗಲಿಯ ಮೇಲೆ ಕೂತಿದ್ದರು. ಉಗುರಿನ ಸಂದಿಯಲ್ಲಿ ಸಿಮೆಂಟು ಇನ್ನೂ ಹಾಗೇ ಇತ್ತು. ನನ್ನ ತೊಡೆಯ ಮೇಲೆ ಹತ್ತು ಪ್ರಶ್ನೆಗಳ ಹಾಳೆ. ಕುಡಿತದ ಬಗೆಗಿನ ಸಂಶೋಧನೆಗಾಗಿ ಮನೆಮನೆ ತಿರುಗಿ ಉತ್ತರ ಬರೆದುಕೊಳ್ಳುವುದು ಆಗ ನನ್ನ ಕೆಲಸ. ನಾಲ್ಕನೆಯ ಪ್ರಶ್ನೆಗೆ ಬಂದೆ: ಕಳೆದ ಒಂದು ವರ್ಷದಲ್ಲಿ, ಶುರು ಮಾಡಿದ ಮೇಲೆ ನಿಲ್ಲಿಸಲು ಆಗದೆ ಹೋದದ್ದು ಎಷ್ಟು ಸಲ?

ಅವರು ಸ್ವಲ್ಪ ಹೊತ್ತು ಅಂಗಳ ನೋಡಿದರು. "ವಾರಕ್ಕೊಂದಪ ಅಂತ ಹಾಕ್ಕಳಿ. ಆದ್ರೆ ಆಗ್ಲಿಲ್ಲ ಅಂತ ಬರೀಬ್ಯಾಡಿ ಮೇಡಂ, ಬುಡ್ಲಿಲ್ಲ ಅಂತ ಬರ್ಕಳಿ. ಕುಡ್ದೋನು ನಾನು."

ಹಾಳೆಯಲ್ಲಿ ಅದಕ್ಕೆ ಜಾಗವಿರಲಿಲ್ಲ. 'ವಾರಕ್ಕೊಮ್ಮೆ' ಎಂಬಲ್ಲಿ ಗುರುತು ಹಾಕಿ 3 ಅಂಕ ಕೊಟ್ಟೆ.

ಆ ಪ್ರಶ್ನಾವಳಿಯ ಹೆಸರು ಆಡಿಟ್. ವಿಶ್ವ ಆರೋಗ್ಯ ಸಂಸ್ಥೆ ಆರು ದೇಶಗಳಲ್ಲಿ ಪರೀಕ್ಷಿಸಿ ರೂಪಿಸಿದ್ದು. ಅದರ ಕೈಪಿಡಿ 1989ರಲ್ಲಿ ಬಂತು. ಒಟ್ಟು 40 ಅಂಕ. 8 ಮುಟ್ಟಿದರೆ ಕುಡಿತ ಅಪಾಯದ ಕಡೆ ಹೊರಳಿದೆ ಎಂದರ್ಥ, 20 ಮುಟ್ಟಿದರೆ ತಜ್ಞರ ಹತ್ತಿರ ಕಳಿಸಬೇಕು. ಲೆಕ್ಕಕ್ಕೆ ಹತ್ತು ಗ್ರಾಂ ಆಲ್ಕೋಹಾಲ್ ಒಂದು ಅಳತೆ. ನಮ್ಮ ಅಂಗಡಿಯ 30 ಎಂ.ಎಲ್. ವಿಸ್ಕಿಯಲ್ಲಿ ಹೆಚ್ಚುಕಡಿಮೆ ಅಷ್ಟಿರುತ್ತದೆ, ಹಾಗಾಗಿ ಒಂದು ಕ್ವಾರ್ಟರ್ ಅಂದರೆ ಆರು. ಇದೆಲ್ಲ ನನಗೆ ಬಾಯಿಪಾಠವಾಗಿತ್ತು. ಆದರೆ 'ಆಗದೆ' ಎಂಬ ಒಂದು ಪದದೊಳಗೆ ಇಡೀ ಒಂದು ಸಿದ್ಧಾಂತ ಕೂತಿದೆ ಎಂದು ಹೊಳೆದದ್ದು ಆ ಜಗಲಿಯ ಮೇಲೆ. 1976ರಲ್ಲಿ ಗ್ರಿಫಿತ್ ಎಡ್ವರ್ಡ್ಸ್ ಮತ್ತು ಮಿಲ್ಟನ್ ಗ್ರಾಸ್ ಮದ್ಯದ ಅವಲಂಬನೆಯ ಲಕ್ಷಣಗಳನ್ನು ವಿವರಿಸಿದಾಗ, ಹಿಡಿತ ಸಡಿಲವಾಗುವುದನ್ನೂ ಅದರ ಗುರುತುಗಳಲ್ಲಿ ಸೇರಿಸಿದರು. ಆ ವಿಚಾರವೇ ಇಳಿದು ಬಂದು ಈ ಹಾಳೆಯನ್ನು ಸೇರಿದೆ. ಅದೇ ಹಾಳೆಯ ಏಳನೆಯ ಪ್ರಶ್ನೆ, ಕುಡಿದ ಮೇಲೆ ಪಶ್ಚಾತ್ತಾಪವಾಗಿತ್ತೇ ಎಂದು ಕೇಳುತ್ತದೆ. ಕೈಮೀರಿ ನಡೆದದ್ದಕ್ಕೆ ಪಶ್ಚಾತ್ತಾಪ ಯಾಕೆ?

ಗೀತೆಯ ಮೂರನೆಯ ಅಧ್ಯಾಯದಲ್ಲಿ ಅರ್ಜುನನನ್ನು ಕಾಡುವುದೂ ಇದೇ ಗಂಟು. ತನಗೇ ಬೇಡವಾದ ಪಾಪದ ಕಡೆಗೆ ಮನುಷ್ಯನನ್ನು ದೂಡುವುದು ಯಾವುದು ಎಂದು ಅವನು ಕೇಳುತ್ತಾನೆ. ಕೃಷ್ಣ ಕಾಮದ ಹೆಸರು ಹೇಳುತ್ತಾನೆ. ಹೇಳಿದ ಮಾತ್ರಕ್ಕೆ ಅರ್ಜುನನ ಹೆಗಲಿನಿಂದ ಭಾರ ಇಳಿಸುವುದಿಲ್ಲ. ಆ ಶತ್ರುವನ್ನು ನೀನೇ ಗೆಲ್ಲಬೇಕು ಎನ್ನುತ್ತಾನೆ.

ಆ ಜಗಲಿಗೆ ಹೋಗುವ ಎಷ್ಟೋ ಮೊದಲೇ ಈ ಗಂಟು ನಮ್ಮ ಮನೆಯಲ್ಲೂ ಇತ್ತು. ನಮ್ಮಣ್ಣ ದರ್ಜಿ. ಬೆಳಗ್ಗೆ ಒಂದು ನೈಂಟಿ ಬೀಳದಿದ್ದರೆ ಅವನಿಗೆ ಸೂಜಿಗೆ ದಾರ ಪೋಣಿಸಲು ಆಗುತ್ತಿರಲಿಲ್ಲ. ದಾರದ ತುದಿಯನ್ನು ನಾಲಿಗೆಯಲ್ಲಿ ಒದ್ದೆ ಮಾಡಿಕೊಂಡು, ಎಡಗೈಯಿಂದ ಬಲಗೈ ಮಣಿಕಟ್ಟು ಗಟ್ಟಿಯಾಗಿ ಹಿಡಿದು, ಉಸಿರು ಬಿಗಿಹಿಡಿದು ಮತ್ತೆ ಮತ್ತೆ ಪ್ರಯತ್ನಿಸುವನು. ಅತ್ತಿಗೆ ಒಲೆ ಮುಂದಿನಿಂದ ಎದ್ದು ಬಂದು, ಮಾತಿಲ್ಲದೆ ಪೋಣಿಸಿಕೊಟ್ಟು ಹೋಗುವರು. ಊರು ಅವನನ್ನು ಕುಡುಕ ಅಂದಿತು. ಅಪ್ಪ ಅವನ ಮುಖ ನೋಡುವುದು ಬಿಟ್ಟರು. ನಾನು ಸಮಾಜಕಾರ್ಯ ಓದಿ ಬಂದವಳು, ಪಕ್ಕದಲ್ಲಿ ಕೂತು ಹೇಳಿದೆ: "ಇದು ಮಿದುಳಿನ ಕಾಯಿಲೆ ಕಣಣ್ಣ. ನಿನ್ನ ತಪ್ಪಲ್ಲ."

ವಿಜ್ಞಾನ ನನ್ನ ಬೆನ್ನಿಗಿತ್ತು. ಅಮೆರಿಕದಲ್ಲಿ ಮಾದಕ ವ್ಯಸನದ ಸಂಶೋಧನೆ ನಡೆಸುವ ರಾಷ್ಟ್ರೀಯ ಸಂಸ್ಥೆಯ ನಿರ್ದೇಶಕರಾಗಿದ್ದ ಅಲನ್ ಲೆಶ್ನರ್ 1997ರಲ್ಲಿ 'ಸೈನ್ಸ್' ಪತ್ರಿಕೆಯಲ್ಲಿ, ವ್ಯಸನವೆಂದರೆ ಮಿದುಳಿನ ಕಾಯಿಲೆ ಎಂದು ವಾದಿಸಿದ್ದರು. ಅದಕ್ಕೂ ಮುಂಚೆ, 1993ರಲ್ಲಿ, ಟೆರಿ ರಾಬಿನ್ಸನ್ ಮತ್ತು ಕೆಂಟ್ ಬೆರಿಡ್ಜ್ ಮಿದುಳಿನಲ್ಲಿ 'ಬೇಕು' ಅನ್ನಿಸುವ ದಾರಿ ಬೇರೆ, 'ಹಿತ' ಅನ್ನಿಸುವ ದಾರಿ ಬೇರೆ ಎಂದಿದ್ದರು. ಹಿತ ಬತ್ತಿದ ಮೇಲೂ ಬೇಕು ಬೆಳೆಯುತ್ತಲೇ ಹೋಗಬಹುದು. ಅಣ್ಣ ಇದನ್ನು ಯಾರಿಂದಲೂ ಕೇಳಿದವನಲ್ಲ. ಆದರೂ ಒಂದು ದಿನ, "ರುಚೀನೂ ಇಲ್ಲ, ಸುಖಾನೂ ಇಲ್ಲ ಕಣೇ. ಆದ್ರೂ ಬೇಕು" ಅಂದಿದ್ದ. ಕಾಯಿಲೆ ಎಂಬ ಮಾತು ಕೇಳಿ ಅಪ್ಪನ ಸಿಟ್ಟು ಇಳಿಯಿತು. ಅವರೇ ಅವನನ್ನು ಆಸ್ಪತ್ರೆಗೆ ಕರೆದುಕೊಂಡು ಹೋದರು. ಆ ಸಿದ್ಧಾಂತದ ಋಣ ನಮ್ಮ ಮನೆಯ ಮೇಲಿದೆ.

ಅಣ್ಣ ಮೂರು ವರ್ಷ ಮುಟ್ಟಲಿಲ್ಲ. ದಾರವನ್ನು ತಾನೇ ಪೋಣಿಸಿದ. ನನ್ನ ಮಗಳ ನಾಮಕರಣಕ್ಕೆ ರೇಷ್ಮೆ ಲಂಗ ಹೊಲಿದುಕೊಟ್ಟ. ನಾಲ್ಕನೆಯ ವರ್ಷ ಮತ್ತೆ ಬಿದ್ದ. ಕಾಯಿಲೆ ಮರುಕಳಿಸಿದೆ ಅಷ್ಟೇ, ನಿನ್ನ ತಪ್ಪಲ್ಲ ಎಂದು ನಾನು ಅದೇ ಮಾತು ಹೇಳಿದೆ. ಅವನು ಮೆಷಿನ್ನಿನ ಚಕ್ರದ ಮೇಲೆ ಕೈಯಿಟ್ಟುಕೊಂಡು ಕೇಳಿದ: "ಕುಡಿಯೋದು ಕಾಯಿಲೆ ಅಂತೀಯ. ಮೂರು ವರ್ಷ ಬಿಟ್ಟಿದ್ನಲ್ಲ, ಆಗ ಬಿಟ್ಟೋನು ಯಾರು?"

ಉತ್ತರ ಕೊಡಲು ನನ್ನಿಂದಾಗಲಿಲ್ಲ. ಅವನು ಹೋದ ಮೇಲೆ ಎಷ್ಟೋ ಓದಿದೆ. ವಿಯೆಟ್ನಾಂ ಯುದ್ಧದಿಂದ ಮರಳಿದ ಅಮೆರಿಕದ ಸೈನಿಕರನ್ನು ಲೀ ರಾಬಿನ್ಸ್ ಎಂಬ ಸಂಶೋಧಕಿ 1970ರ ದಶಕದಲ್ಲಿ ಹಿಂಬಾಲಿಸಿ ಅಧ್ಯಯನ ಮಾಡಿದರು. ಅಲ್ಲಿ ಹೆರಾಯಿನ್ನಿಗೆ ದಾಸರಾಗಿದ್ದವರಲ್ಲಿ, ಊರಿಗೆ ಬಂದ ಮೊದಲ ವರ್ಷ ಮತ್ತೆ ದಾಸರಾದವರು ಶೇಕಡಾ 5ರಷ್ಟು ಮಾತ್ರ. ಸುತ್ತಲಿನ ಬದುಕು ಬದಲಾದಾಗ ಚಟ ಸಡಿಲಿತು. 2009ರಲ್ಲಿ ಜೀನ್ ಹೇಮನ್ ವ್ಯಸನವನ್ನು ಆಯ್ಕೆಯ ದೋಷವೆಂದೇ ಕರೆದರು. ಇವು ಬರೀ ಪಂಡಿತರ ಜಗಳಗಳಲ್ಲ. ಕಾಯಿಲೆ ಅಂದರೆ ದುಡ್ಡು ಹಾಸಿಗೆಗೆ, ಔಷಧಿಗೆ ಹೋಗುತ್ತದೆ. ಆಯ್ಕೆ ಅಂದರೆ ಬೆಲೆ ಏರಿಸುವುದಕ್ಕೆ, ಅಂಗಡಿಯ ವೇಳೆ ಕಡಿತಕ್ಕೆ. ಪರಿಸರ ಅಂದರೆ ಕೂಲಿಗೆ, ಸೂರಿಗೆ. ಇವೆಲ್ಲವೂ ಬೇಕು. ಆದರೆ ಯಾವುದೂ ಅಣ್ಣನ ಪ್ರಶ್ನೆಯನ್ನು ಪೂರ್ತಿ ಹೊರಲಾರದು.

ನಮ್ಮ 'ವ್ಯಸನ' ಎಂಬ ಪದವನ್ನೇ ನೋಡಿ. ಚಟಕ್ಕೂ ಅದೇ ಪದ, ದುಃಖಕ್ಕೂ ಅದೇ ಪದ. ಕೌಟಿಲ್ಯನ ಅರ್ಥಶಾಸ್ತ್ರದ ಎಂಟನೆಯ ಅಧಿಕರಣ ವ್ಯಸನಗಳ ಬಗ್ಗೆಯೇ ಇದೆ. ಅಲ್ಲಿ ರಾಜನ ಜೂಜು, ಕುಡಿತಗಳ ಜೊತೆಗೆ ನೆರೆ, ಬರ, ಬೆಂಕಿಯ ವಿಚಾರವೂ ಬರುತ್ತದೆ. ಮಾಡಿಕೊಂಡದ್ದು, ಬಂದೊದಗಿದ್ದು ಎರಡನ್ನೂ ಒಂದೇ ಪದ ಹಿಡಿದಿಟ್ಟಿದೆ. 1935ರಲ್ಲಿ ಅಮೆರಿಕದಲ್ಲಿ ಹುಟ್ಟಿದ ಆಲ್ಕೋಹಾಲಿಕ್ಸ್ ಅನಾನಿಮಸ್ ಬಳಗವೂ ಹೀಗೇ. ಅವರ ಹನ್ನೆರಡು ಹೆಜ್ಜೆಗಳಲ್ಲಿ ಮೊದಲನೆಯದು ಮದ್ಯದೆದುರು ತಾವು ಅಸಹಾಯಕರೆಂದು ಒಪ್ಪುವುದು. ಎಂಟನೆಯದು ತಮ್ಮಿಂದ ನೊಂದವರನ್ನು ಪಟ್ಟಿ ಮಾಡುವುದು. ಅಸಹಾಯಕನೂ ಅವನೇ, ಸಾಲಗಾರನೂ ಅವನೇ.

ಕನ್ನಡದಲ್ಲಿ ಹೊರಿಸುವುದು ಬೇರೆ, ಹೊರುವುದು ಬೇರೆ. ತಪ್ಪು ಹೊರಿಸುವವರು ಹೊರಗಿನವರು. ಹೊಣೆ ಹೊರುವವನು ತಾನೇ. ದೂಷಣೆಯಿಲ್ಲದ ಹೊಣೆಗಾರಿಕೆ ಸಾಧ್ಯ ಎಂದು ಹಾನಾ ಪಿಕಾರ್ಡ್ ಎಂಬ ತತ್ವಜ್ಞಾನಿ ಚಿಕಿತ್ಸಾ ಕೇಂದ್ರದ ಅನುಭವದಿಂದ ವಾದಿಸಿದ್ದಾರೆ. ನನ್ನ ಮಟ್ಟಿಗೆ ಅದರ ಅರ್ಥ ಇದು. ಕುಡಿತಕ್ಕೆ ಬಿದ್ದವರ ಮೇಲೆ ತಪ್ಪು ಹೊರಿಸುವ ಹಕ್ಕು ನಮಗಿಲ್ಲ. ಅವರಾಗಿಯೇ ಹೊತ್ತ ಹೊಣೆಯನ್ನು ಕರುಣೆಯ ಹೆಸರಿನಲ್ಲಿ ಕಸಿಯುವ ಹಕ್ಕೂ ಇಲ್ಲ. ನಾನು ಅಣ್ಣನಿಗೆ ಮಾಡಿದ್ದು ಆ ಎರಡನೆಯ ಅನ್ಯಾಯ. ಅವನ ಬೀಳುವಿಕೆಯನ್ನು ಮಿದುಳಿಗೆ ಒಪ್ಪಿಸುವ ಭರದಲ್ಲಿ, ಅವನು ಎದ್ದು ನಿಂತ ಮೂರು ವರ್ಷವನ್ನೂ ಜೊತೆಗೇ ಒಪ್ಪಿಸಿಬಿಟ್ಟಿದ್ದೆ.

ಅಣ್ಣ ತೀರಿಕೊಂಡದ್ದು ಲಿವರ್ ಹೋಗಿ. ಎರಡು ವರ್ಷದ ಮೇಲೆ ಆ ಜಗಲಿಯಲ್ಲಿ "ಕುಡ್ದೋನು ನಾನು" ಎಂಬ ಮಾತು ಕೇಳಿದಾಗ ನನಗೆ ಅವನ ದನಿಯೇ ಕೇಳಿಸಿತ್ತು. ಹತ್ತೂ ಪ್ರಶ್ನೆ ಮುಗಿಸಿ, ಹಾಳೆಯಲ್ಲಿಲ್ಲದ ಇನ್ನೊಂದನ್ನು ಕೇಳಿದೆ: "ಕುಡಿಯದೆ ಇದ್ದ ದಿನಗಳೂ ಇದ್ದವಾ, ಯಜಮಾನ್ರೇ?"

ಅವರು ನೆಟ್ಟಗೆ ಕೂತರು. "ಮಗಳ ಬಾಣಂತನದಾಗೆ ನಲವತ್ತು ದಿನ ಮುಟ್ಲಿಲ್ಲ. ಮೊಮ್ಮಗೀನ ಎತ್ಕಬೇಕಲ್ಲ."

ಯಾವ ಕೋಷ್ಟಕಕ್ಕೂ ಸೇರದ ಉತ್ತರ ಅದು. ಹಾಳೆಯ ಅಂಚಿನಲ್ಲಿ ಬರೆದುಕೊಂಡೆ: 40 ದಿನ. ಬಿಟ್ಟವರು, ಅವರೇ.