ಮತ್ತೆ ಸಿಗದವರ ನಡುವೆ

ಪ್ರವಾಸಿ ಹಡಗು ಕೊಚ್ಚಿಗೆ ಬಂದ ದಿನ ಆಟೋ ಚಾಲಕರಿಗೆ ಸುಗ್ಗಿ. ಹಡಗಿನವರಿಗೆ ಇರುವುದು ಕೆಲವೇ ಗಂಟೆ. ಅಷ್ಟರಲ್ಲಿ ಚೀನೀ ಬಲೆಗಳು, 1524ರಲ್ಲಿ ವಾಸ್ಕೋ ಡ ಗಾಮನನ್ನು ಹೂಳಿದ ಚರ್ಚು, ಮಟ್ಟಾಂಚೇರಿಯ ಅರಮನೆ, 1568ರ ಯಹೂದಿ ಸಿನಗಾಗ್ ಎಲ್ಲವನ್ನೂ ನೋಡಿ ಮುಗಿಸಬೇಕು. ನಡುವೆ ಆಟೋ ಯಾವುದೋ ಕರಕುಶಲ ಅಂಗಡಿಯ ಮುಂದೆ ನಿಲ್ಲುತ್ತದೆ. ಗಿರಾಕಿಯನ್ನು ಕರೆತಂದದ್ದಕ್ಕೆ ಅಂಗಡಿಯವರು ಚಾಲಕನಿಗೆ ಕಮಿಷನ್ ಕೊಡುತ್ತಾರೆ.

ಇದು ಮೋಸವೇ?

ಗಡಿಯಾರ ನೋಡಿಕೊಂಡು ಓಡುವವನ ಸಮಯವನ್ನು ಅವನಿಗೆ ಹೇಳದೆ ಮಾರಿಕೊಳ್ಳುವುದು ತಪ್ಪೇ. ಆದರೆ ಸಂಶೋಧನೆಗೆಂದು ಅಲ್ಲಿದ್ದಾಗ ನಾನು ಇನ್ನೊಂದನ್ನೂ ಗಮನಿಸಿದೆ. ಪ್ರವಾಸಿ ಚೌಕಾಸಿ ಮಾಡುವುದು ದೂರದ ಲೆಕ್ಕದಲ್ಲಿ. ಚರ್ಚಿನ ಹೊರಗೆ ಬಿಸಿಲಲ್ಲಿ ಕಾಯುವುದಕ್ಕೆ, ದಾರಿಯುದ್ದಕ್ಕೂ ಊರಿನ ಕಥೆ ಹೇಳುವುದಕ್ಕೆ ಆ ಲೆಕ್ಕದಲ್ಲಿ ಕಾಸಿಲ್ಲ. ಅವನು ಕೊಡದೆ ಬಿಟ್ಟ ಕೂಲಿಯನ್ನು ಅಂಗಡಿಯವನು ಕೊಡುತ್ತಾನೆ.

ಕಾಂಟ್ ತನ್ನ 1785ರ ಕೃತಿಯಲ್ಲಿ, ಏನೂ ಅರಿಯದ ಗಿರಾಕಿಗೂ ಒಂದೇ ದರ ಹೇಳುವ ವ್ಯಾಪಾರಿಯ ಉದಾಹರಣೆ ಕೊಡುತ್ತಾನೆ. ಅದು ವ್ಯಾಪಾರ ಉಳಿಸಿಕೊಳ್ಳುವ ಜಾಣತನವೂ ಇರಬಹುದು, ಹಾಗಾಗಿ ಅಷ್ಟಕ್ಕೇ ಅದನ್ನು ಕರ್ತವ್ಯಪ್ರಜ್ಞೆ ಎನ್ನಲಾಗದು ಎಂಬುದು ಅವನ ವಾದ. ಮೆಣಸು ಕೊಳ್ಳುವ ವ್ಯಾಪಾರಿ ಮತ್ತೆ ಬರಬೇಕಾದವನು, ನಂಬಿಕೆಯಿಂದ ಇಬ್ಬರಿಗೂ ಲಾಭವಿದೆ. ಹಡಗಿನ ಪ್ರವಾಸಿಯೋ ಸಂಜೆಗೆ ಹೊರಟುಹೋಗುವವನು. ಇಲ್ಲಿ ಪ್ರಾಮಾಣಿಕತೆಯಿಂದ ಯಾರಿಗೂ ನಾಳೆಯ ಲಾಭವಿಲ್ಲ. ಆದ್ದರಿಂದಲೇ ಇಲ್ಲಿ ನಡೆಯುವ ನ್ಯಾಯಕ್ಕೆ ಬೆಲೆ ಹೆಚ್ಚು.

ಆ ನ್ಯಾಯ ಕಷ್ಟದ್ದೇನಲ್ಲ. ಕಾಯುವ ಹೊತ್ತನ್ನೂ ಸೇರಿಸಿ ಬಾಡಿಗೆ ಮೊದಲೇ ಮಾತಾಡುವುದು, ಅಂಗಡಿ ಬೇಡವಾದರೆ ಆಗಲೇ ಹೇಳುವುದು. ಚಾಲಕನೂ ಕಮಿಷನ್ನಿನ ವಿಷಯ ಮುಚ್ಚಿಡದಿರುವುದು. ಮೊದಲ ಮಾತು ಮಾತ್ರ ಪ್ರವಾಸಿಯಿಂದ ಬರಬೇಕು ಅನ್ನಿಸುತ್ತದೆ. ಕೊಡುವ ಶಕ್ತಿ ಇರುವುದು ಅವನಿಗೆ.