ಸೊಪ್ಪು ನೋಡಿ ಮೊಟ್ಟೆ

ನಮ್ಮ ಕೂಟಗಲ್ ಕಡೆ ರೇಷ್ಮೆ ಬೆಳೆಗಾರರನ್ನು "ಹೆಂಗಿದ್ದೀರಾ?" ಎಂದು ಕೇಳಿದರೆ "ಹುಳ ಜ್ವರಕ್ಕೆ ಕೂತವೆ" ಎಂಬ ಉತ್ತರ ಬಂದರೂ ಬಂದೀತು. ಗಾಬರಿಯಾಗಬೇಡಿ. ರೇಷ್ಮೆಹುಳು ಸೊಪ್ಪು ತಿನ್ನುವುದು ಬಿಟ್ಟು, ಪೊರೆ ಕಳಚಲು ಅಲ್ಲಾಡದೆ ಕೂರುವುದಕ್ಕೆ ನಾವು ಜ್ವರ ಅನ್ನುತ್ತೇವೆ. ನಾಲ್ಕು ಜ್ವರ ದಾಟಿದ ಮೇಲೆ ಗೂಡು. ಅಲ್ಲಿಯವರೆಗೆ ಹುಳುವಿನ ಸುದ್ದಿಯೇ ಮನೆಯ ಸುದ್ದಿ.

ಹೋದ ಬೇಸಗೆಯಲ್ಲಿ ನಮ್ಮ ಬೆಳೆಗಾರರ ಗುಂಪಿಗೆ ತರಬೇತಿ ಕೊಡಲು ಒಬ್ಬ ಹುಡುಗ ಬಂದ. ದೇವಸ್ಥಾನದ ಜಗಲಿಯ ಮೇಲೆ ದೊಡ್ಡ ಹಾಳೆ ಹಾಸಿ, ಅಡ್ಡ ಒಂದು ಉದ್ದ ಒಂದು ಗೆರೆ ಎಳೆದ. ಬಲ, ದೌರ್ಬಲ್ಯ, ಅವಕಾಶ, ಅಪಾಯ ಎಂದು ನಾಲ್ಕು ಮನೆಯಾದವು. ಮೊದಲೆರಡು ನಮ್ಮೊಳಗಿನವು, ಉಳಿದೆರಡು ಹೊರಗಿನವು. 1960ರ ದಶಕದಲ್ಲಿ ಅಮೆರಿಕದ ಕಂಪನಿಗಳ ನಡುವೆ ಹುಟ್ಟಿದ ಲೆಕ್ಕವಂತೆ, ಹೆಸರು ಸ್ವಾಟ್.

ಬಲದ ಮನೆಯಲ್ಲಿ ಅಜ್ಜನ ಕಾಲದಿಂದ ಕೈಗೆ ಹತ್ತಿದ ಕಸುಬು ಬಂದು ಕೂತಿತು. ಅವಕಾಶಕ್ಕೆ ರಾಮನಗರದ ಗೂಡಿನ ಮಾರುಕಟ್ಟೆ, ಆಗ ನಡೆಯುತ್ತಿದ್ದ ಒಳ್ಳೆಯ ರೇಟು. ಅಪಾಯದ ಮನೆಯಲ್ಲಂತೂ ಜಾಗವೇ ಸಾಲಲಿಲ್ಲ: ಊಜಿ ನೊಣ, ಚೀನಾ ರೇಷ್ಮೆ, ಸಿಗದ ಕೂಲಿಯಾಳು, ಅಕಾಲದ ಮಳೆ. ದೌರ್ಬಲ್ಯದ ಮನೆ ಮಾತ್ರ ಖಾಲಿ. ಕೊನೆಗೆ ಯಾರೋ "ಒಗ್ಗಟ್ಟಿಲ್ಲ ಅಂತ ಬರ್ಕಳಪ್ಪ" ಅಂದರು. ಎಲ್ಲರೂ ತಲೆಯಾಡಿಸಿದರು. ಆಡಿಸುವಾಗ ಒಬ್ಬೊಬ್ಬರೂ ಪಕ್ಕದವರ ಮುಖ ನೋಡಿದರು.

ನಾನು ಮೇಷ್ಟ್ರಾಗಿದ್ದು ನಿವೃತ್ತನಾದವನು. ಆ ಹಾಳೆ ನೋಡುತ್ತಾ ನನಗೆ ಕೌಟಿಲ್ಯ ನೆನಪಾದ. ಮೈಸೂರಿನ ಪ್ರಾಚ್ಯ ಗ್ರಂಥಾಲಯಕ್ಕೆ ಬಂದ ತಾಳೆಗರಿಗಳಲ್ಲಿ ಆರ್. ಶಾಮಾಶಾಸ್ತ್ರಿಗಳು ಗುರುತು ಹಿಡಿದು, 1909ರಲ್ಲಿ ಅಚ್ಚು ಹಾಕಿಸಿದ 'ಅರ್ಥಶಾಸ್ತ್ರ'ದಲ್ಲೂ ಈ ಲೆಕ್ಕ ಇದೆ. ತನ್ನ ಬಲಾಬಲವೆಷ್ಟು, ಶತ್ರುವಿನದೆಷ್ಟು, ಕಾಲ ಯಾವುದು, ದೇಶ ಯಾವುದು ಎಂದು ದಂಡೆತ್ತುವ ಮೊದಲು ತೂಗಬೇಕು. ಆದರೆ ಹದಿನೈದು ಅಧಿಕರಣಗಳ ಆ ಗ್ರಂಥದಲ್ಲಿ ಈ ಮಾತು ಬರುವುದು ಒಂಬತ್ತನೆಯದರಲ್ಲಿ. ಇಂದ್ರಿಯಜಯ ಬರುವುದು ಮೊದಲನೆಯದರಲ್ಲೇ. ತೂಕಕ್ಕಿಂತ ಮುಂಚೆ ತಕ್ಕಡಿ ಹಿಡಿದವನ ಕೈ ನಡುಗುತ್ತಿದೆಯೇ ನೋಡು ಎಂಬ ಕ್ರಮ ಇದು.

ಗೆಲ್ಲಬೇಕಾದ ಆರು ವೈರಿಗಳ ಪಟ್ಟಿಯೂ ಅಲ್ಲಿದೆ. ನಾವು ಬಾಯಿಪಾಠ ಮಾಡಿದ್ದು ಕಾಮ, ಕ್ರೋಧ, ಲೋಭ, ಮೋಹ, ಮದ, ಮಾತ್ಸರ್ಯ. ಕೌಟಿಲ್ಯನಲ್ಲಿ ಮೋಹ, ಮಾತ್ಸರ್ಯಗಳ ಜಾಗದಲ್ಲಿ ಮಾನ, ಅಂದರೆ ಬಿಗುಮಾನ, ಮತ್ತು ಹರ್ಷ ಇವೆ. ಹರ್ಷ! ಸಂತೋಷ ಹೇಗಯ್ಯಾ ವೈರಿಯಾದೀತು ಎಂದು ಬಹಳ ವರ್ಷ ನನಗೆ ಅರ್ಥವಾಗಿರಲಿಲ್ಲ. ಅರ್ಥ ಮಾಡಿಸಿದ್ದು ಹುಳುಗಳು.

ಒಂದು ವರ್ಷ ಗೂಡಿಗೆ ಕಂಡರಿಯದ ರೇಟು ಬಂತು. ನನ್ನ ತೋಟದಲ್ಲಿದ್ದದ್ದು ನೂರೈವತ್ತು ಮೊಟ್ಟೆಗೆ ಆಗುವಷ್ಟು ಹಿಪ್ಪುನೇರಳೆ. ಒಂದು ಚಿಟ್ಟೆ ಇಟ್ಟದ್ದನ್ನೆಲ್ಲ ಸೇರಿಸಿ ನಾವು ಒಂದು ಮೊಟ್ಟೆ ಅನ್ನುತ್ತೇವೆ. ಇನ್ನೂರೈವತ್ತು ಮೊಟ್ಟೆಯ ಚಾಕಿ, ಅಂದರೆ ಎಳೆಹುಳು, ತಂದೆ. ನಾಲ್ಕನೆಯ ಜ್ವರ ಎದ್ದ ಮೇಲಿನ ಒಂದು ವಾರದಲ್ಲೇ ಹುಳು ತನ್ನ ಆಯುಸ್ಸಿನ ಸೊಪ್ಪಿನಲ್ಲಿ ನೂರಕ್ಕೆ ಎಂಬತ್ತು ಪಾಲು ಮೇಯುತ್ತದೆ. ಇದು ನನಗೆ ಗೊತ್ತಿಲ್ಲದ್ದೇನಲ್ಲ, ಪಕ್ಕದ ಮನೆ ಹುಡುಗರಿಗೆ ನಾನೇ ಹೇಳಿಕೊಟ್ಟದ್ದು. ನಾಲ್ಕನೆಯ ಜ್ವರ ಎದ್ದ ಮೂರನೆಯ ದಿನಕ್ಕೆ ತೋಟ ಬೋಳಾಯಿತು. ಕಂಡ ಕಡೆ ಸೊಪ್ಪು ಕೊಂಡು ತಂದೆ. ಯಾವುದೋ ಹೊರೆಯ ಮೇಲೆ ಪಕ್ಕದ ತರಕಾರಿ ಹೊಲದ ಔಷಧಿ ಬಿದ್ದಿತ್ತು. ಬೆಳಗ್ಗೆ ಹುಳುಮನೆ ಬಾಗಿಲು ತೆಗೆದಾಗ ಸೊಪ್ಪು ಮೇಯುವ ಸದ್ದಿಲ್ಲ. ಆ ಸದ್ದು ಮಳೆ ಹನಿದಂತೆ ಇರುತ್ತದೆ, ನಿಂತಾಗಲೇ ಕಿವಿಗೆ ತಿಳಿಯುವುದು. ಹುಳುಗಳು ತಲೆ ಎತ್ತಿ ಹೊರಳಾಡುತ್ತಾ ಹಸಿರು ನೀರು ಕಕ್ಕುತ್ತಿದ್ದವು. ಗೂಡು ಕಟ್ಟಿಸುವ ಚಂದ್ರಿಕೆಗಳು ಖಾಲಿ ಉಳಿದವು.

ಆಗ ಯಾರಾದರೂ ನನ್ನ ಕೈಗೆ ಆ ನಾಲ್ಕು ಮನೆಯ ಹಾಳೆ ಕೊಟ್ಟಿದ್ದರೆ, ಅಪಾಯದ ಮನೆಯಲ್ಲಿ "ಔಷಧಿ ಬಿದ್ದ ಸೊಪ್ಪು" ಎಂದು ಬರೆಯುತ್ತಿದ್ದೆ. ಅದು ಸುಳ್ಳೂ ಅಲ್ಲ. ಆದರೆ ಆ ಸೊಪ್ಪಿಗೆ ನನ್ನ ಹುಳುಮನೆಯ ಬಾಗಿಲು ತೆಗೆದದ್ದು ಯಾವುದು? ಅವಕಾಶದ ಮನೆಯಲ್ಲಿ ನಗುತ್ತಾ ಕೂತಿದ್ದ ಆ ರೇಟು, ಅದನ್ನು ನೋಡಿ ಹಿಗ್ಗಿದ ನಾನು.

ಹಾಗೆಂದು ಎಲ್ಲವನ್ನೂ ಒಳಗೇ ಹುಡುಕುವುದೂ ಸರಿಯಲ್ಲ. ಬಂಗಾಳದ ಗೂಡಿನ ಜೊತೆ ಊಜಿ ನೊಣ 1980ರಲ್ಲಿ ಕರ್ನಾಟಕಕ್ಕೆ ಬಂತು. ಅದು ಹುಳುವಿನ ಮೈಮೇಲೆ ಮೊಟ್ಟೆಯಿಟ್ಟಾಗ "ನಿನ್ನ ಲೋಭವೇ ಕಾರಣ" ಎಂದು ರೈತನಿಗೆ ಉಪದೇಶ ಮಾಡುವುದು ಅಧ್ಯಾತ್ಮವಲ್ಲ, ಕ್ರೌರ್ಯ. ಊಜಿಗೆ ಕಿಟಕಿಗೆ ಪರದೆ ಬೇಕು. ರೇಟು ಬಿದ್ದಾಗ ಸರ್ಕಾರವನ್ನು ಕೇಳಲೂ ಬೇಕು. ಕೌಟಿಲ್ಯನೂ ಇಂದ್ರಿಯಜಯ ಹೇಳಿ ಪುಸ್ತಕ ಮುಚ್ಚಲಿಲ್ಲ, ಮುಂದೆ ಇನ್ನೂ ಹದಿನಾಲ್ಕು ಅಧಿಕರಣ ಬರೆದ. ಒಳಗಿನದು ಮೊದಲು ಎಂದನೇ ಹೊರತು ಒಳಗಿನದು ಮಾತ್ರ ಎನ್ನಲಿಲ್ಲ.

ಸಭೆ ಮುಗಿಯುವ ಮುಂಚೆ ನಾನು ಪೆನ್ನು ಇಸಿದುಕೊಂಡು ದೌರ್ಬಲ್ಯದ ಮನೆಯಲ್ಲಿ ಬರೆದೆ: "ರೇಟು ನೋಡಿ ಮೊಟ್ಟೆ ತರುತ್ತೇವೆ, ಸೊಪ್ಪು ನೋಡಿ ಅಲ್ಲ." ಕೆಳಗೆ ನನ್ನ ಹೆಸರು ಹಾಕಿದೆ. ಏನೋ ದೊಡ್ಡ ಕೆಲಸ ಮಾಡಿದವನಂತೆ ತಲೆ ಎತ್ತಿದೆ.

ಕಂಬಕ್ಕೆ ಒರಗಿ ಕೂತಿದ್ದ ಅತ್ತಿಗೆ ಅದನ್ನು ಮೊಮ್ಮಗಳಿಂದ ಓದಿಸಿಕೊಂಡರು. "ಇದ್ನ ನಾನು ಆವತ್ತೇ ಹೇಳಿದ್ದೆ ಕಣಪ್ಪ," ಅಂದರು. "ನೀನು ಕೇಳಲಿಲ್ಲ. ಅದ್ನೂ ಬರ್ಕೊ."

ಬರೆದುಕೊಂಡೆ. ಕೌಟಿಲ್ಯನ ಪಟ್ಟಿಯಲ್ಲಿ ಹರ್ಷದ ಜೊತೆಗೆ ಮಾನವೂ ಇದ್ದದ್ದು ಆಗ ನೆನಪಾಯಿತು.